‘ಕೂಡೋದಾ, ಕಳೆಯೋದಾ ಮಿಸ್?’: ವಾಕ್ಯರೂಪದ ಲೆಕ್ಕ ಬಿಡಿಸುವುದನ್ನು ಕಲಿಸುವ ಬಗೆ

ಪ್ರಶ್ನೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 7ನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಮಕ್ಕಳಿಗೆ ಮಗ್ಗಿ ಬರುತ್ತದೆ, ಭಿನ್ನರಾಶಿ ಕೂಡಿ ಕಳೆಯುವುದೂ ಬರುತ್ತದೆ. ಅದನ್ನೇ ವಾಕ್ಯದಲ್ಲಿ ಕೊಟ್ಟರೆ ‘ಕೂಡೋದಾ, ಕಳೆಯೋದಾ ಮಿಸ್?’ ಎನ್ನುತ್ತಾರೆ. ‘ಒಟ್ಟು ಅಂದರೆ ಕೂಡು, ಉಳಿದದ್ದು ಅಂದರೆ ಕಳೆ, ತಲಾ ಅಂದರೆ ಭಾಗಿಸು’ ಎಂದು ಚಾರ್ಟ್ ಬರೆದು ಗೋಡೆಗೆ ಹಾಕಿದ್ದೇನೆ. ಪಾಠದ ಅಭ್ಯಾಸದಲ್ಲಿ ಸರಿ ಮಾಡುತ್ತಾರೆ, ಪರೀಕ್ಷೆಯಲ್ಲಿ ಎಡವುತ್ತಾರೆ. ಸಮಸ್ಯೆ ಬಿಡಿಸುವುದನ್ನು ನಿಜಕ್ಕೂ ಕಲಿಸಲು ಆಗುತ್ತದೆಯೇ? ಪಠ್ಯ ಮುಗಿಸುವ ಒತ್ತಡವೂ ಇದೆ.

ಉತ್ತರ: ಆಗುತ್ತದೆ. ಆದರೆ ಮೊದಲು ಆ ಚಾರ್ಟನ್ನು ಗೋಡೆಯಿಂದ ತೆಗೆಯಿರಿ. ನಿಮ್ಮ ಮಕ್ಕಳು ಕೇಳುವ ಪ್ರಶ್ನೆಗೆ ಅರ್ಧ ಕಾರಣ ಅದೇ. ಈ ಲೆಕ್ಕ ನೋಡಿ: ‘ಗಂಗಾಳ ಬಳಿ 24 ಗೋಲಿಗಳಿವೆ. ಅವು ರವಿಯ ಬಳಿ ಇರುವುದಕ್ಕಿಂತ 8 ಹೆಚ್ಚು. ರವಿಯ ಬಳಿ ಎಷ್ಟಿವೆ?’ ‘ಹೆಚ್ಚು’ ಎಂಬ ಪದ ಹಿಡಿದ ಮಗು 24ಕ್ಕೆ 8 ಕೂಡಿ 32 ಎನ್ನುತ್ತದೆ. ಸರಿಯುತ್ತರ 16. ‘3 ಬುಟ್ಟಿಗಳಲ್ಲಿ ಸಮನಾಗಿ ಒಟ್ಟು 84 ಮಾವಿನಹಣ್ಣು ತುಂಬಿದ್ದಾರೆ, ಒಂದರಲ್ಲಿ ಎಷ್ಟು?’ ಎಂಬಲ್ಲಿ ‘ಒಟ್ಟು’ ಇದೆ, ಕೂಡುವ ಮಾತೇ ಇಲ್ಲ. ಪದ ನೋಡಿ ಕ್ರಿಯೆ ಆರಿಸುವ ಉಪಾಯ 3ನೇ ತರಗತಿಯ ಒಂದೇ ಹಂತದ ಲೆಕ್ಕಗಳಲ್ಲಿ ಬಹುಪಾಲು ಗೆಲ್ಲುತ್ತದೆ, ಅದಕ್ಕೇ ಅದು ಅಷ್ಟು ಆಳವಾಗಿ ಬೇರು ಬಿಡುತ್ತದೆ. 7ನೇ ತರಗತಿಗೆ ಬಂದು ಎರಡು ಮೂರು ಹಂತದ ಲೆಕ್ಕ ಎದುರಾದಾಗ ಕೈಕೊಡುತ್ತದೆ. ಅಷ್ಟರಲ್ಲಿ ಮಗುವಿಗೆ ಲೆಕ್ಕವನ್ನು ಪೂರ್ತಿ ಓದುವ ಅಭ್ಯಾಸವೇ ತಪ್ಪಿಹೋಗಿರುತ್ತದೆ.

ಇದು ನಮ್ಮ ಕಡೆಯ ಮಕ್ಕಳದ್ದಷ್ಟೇ ಪಾಡಲ್ಲ. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಗಣಿತ ಬೋಧನೆಯ ಸಂಶೋಧಕರು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು: ‘ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಹಡಗಿನ ನಾಯಕನ ವಯಸ್ಸೆಷ್ಟು?’ 97 ಮಕ್ಕಳಲ್ಲಿ 76 ಮಂದಿ ಇರುವ ಅಂಕಿಗಳನ್ನೇ ಹೇಗೋ ಹೊಂದಿಸಿ ವಯಸ್ಸು ಹೇಳಿಬಿಟ್ಟರು. ಅಮೆರಿಕದ ರಾಷ್ಟ್ರಮಟ್ಟದ ಮೌಲ್ಯಮಾಪನದಲ್ಲಿ 13 ವರ್ಷದವರಿಗೆ ಕೊಟ್ಟ, 1983ರಿಂದ ಎಲ್ಲರ ಬಾಯಲ್ಲಿರುವ ಇನ್ನೊಂದು ಪ್ರಶ್ನೆಯಿದೆ: 1,128 ಸೈನಿಕರಿದ್ದಾರೆ, ಒಂದು ಬಸ್ಸಿಗೆ 36 ಮಂದಿ, ಎಷ್ಟು ಬಸ್ಸು ಬೇಕು? ಸುಮಾರು ಶೇ 70ರಷ್ಟು ಮಕ್ಕಳು ಭಾಗಾಕಾರ ಸರಿಯಾಗಿಯೇ ಮಾಡಿದರು. ಆದರೆ 32 ಬಸ್ಸು ಎಂದವರು ಶೇ 23 ಮಾತ್ರ. ಶೇ 29ರಷ್ಟು ಮಂದಿ ‘31, ಶೇಷ 12’ ಎಂದು ಬರೆದರು. ಆ ಹನ್ನೆರಡು ಸೈನಿಕರು ನಡೆದುಕೊಂಡು ಹೋಗಬೇಕಾ ಎಂದು ಯಾರೂ ಅವರನ್ನು ಕೇಳಿರಲಿಲ್ಲ. ನೀವು ನಾಳೆ ನಿಮ್ಮ ತರಗತಿಯಲ್ಲೂ ಶಾಲಾ ಪ್ರವಾಸದ ಲೆಕ್ಕ ಕೊಟ್ಟು ನೋಡಿ: 230 ಮಕ್ಕಳು, ಬಸ್ಸಿಗೆ 50 ಸೀಟು.

ಚಾರ್ಟ್ ತೆಗೆದ ಮೇಲೆ ಎರಡನೆಯ ಕೆಲಸ, ಮಗು ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದು ಪತ್ತೆ ಹಚ್ಚುವುದು. ಎಲ್ಲರೂ ಒಂದೇ ಕಡೆ ಎಡವುವುದಿಲ್ಲ. ಆಸ್ಟ್ರೇಲಿಯಾದ ಗಣಿತ ಶಿಕ್ಷಣ ಸಂಶೋಧಕಿ ಆ್ಯನ್ ನ್ಯೂಮನ್ 1977ರಲ್ಲಿ ಪ್ರಕಟಿಸಿದ ಐದು ಹಂತದ ವಿಚಾರಣೆ ಇದಕ್ಕೆ ಇಂದಿಗೂ ಒಳ್ಳೆಯ ಸಾಧನ. ತಪ್ಪು ಮಾಡಿದ ಐದಾರು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಅದೇ ಲೆಕ್ಕವನ್ನು ಮುಂದಿಟ್ಟು ಕೇಳುತ್ತಾ ಹೋಗಿ: ‘ಇದನ್ನು ಜೋರಾಗಿ ಓದು’, ‘ಏನು ಕಂಡುಹಿಡಿಯಬೇಕು, ನಿನ್ನ ಮಾತಿನಲ್ಲಿ ಹೇಳು’, ‘ಹೇಗೆ ಮಾಡುತ್ತೀಯ?’, ‘ಮಾಡಿ ತೋರಿಸು’, ‘ಉತ್ತರವನ್ನು ವಾಕ್ಯದಲ್ಲಿ ಬರೆ’. ಒಬ್ಬರಿಗೆ ನಾಲ್ಕೈದು ನಿಮಿಷ ಸಾಕು. ಮಗು ಮೊದಲು ತಡವರಿಸುವ ಹಂತವೇ ನಿಮಗೆ ಬೇಕಾದ ಮಾಹಿತಿ. ನೀವು ಬರೆದದ್ದನ್ನು ನೋಡಿದರೆ ಬಹುತೇಕರು ಎರಡನೆಯ ಮತ್ತು ಮೂರನೆಯ ಹಂತದ ನಡುವೆ ನಿಲ್ಲುತ್ತಾರೆ. ಅಂಥವರಿಗೆ ಇನ್ನಷ್ಟು ಗುಣಾಕಾರ ಕೊಟ್ಟು ಪ್ರಯೋಜನವಿಲ್ಲ. ಮೊದಲ ಹಂತದಲ್ಲೇ, ಓದುವುದರಲ್ಲೇ, ನಿಂತ ಮಗು ಒಂದಾದರೂ ಸಿಕ್ಕೀತು. ಅದಕ್ಕೆ ಬೇಕಾದದ್ದು ಗಣಿತದ ಪಾಠವಲ್ಲ, ಆ ವಿಷಯವನ್ನು ಕನ್ನಡ ಶಿಕ್ಷಕರ ಜೊತೆ ಮಾತಾಡಿ.

ಓದಿನ ವಿಷಯ ಬಂದಾಗ ಪುಸ್ತಕದ ವಾಕ್ಯಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಲೆಕ್ಕದ ಕನ್ನಡ ಹೀಗಿರುತ್ತದೆ: ‘ಕೆ.ಜಿ.ಗೆ 40 ರೂಪಾಯಿಯಂತೆ ಕೊಂಡ 25 ಕೆ.ಜಿ. ಟೊಮೆಟೊದಲ್ಲಿ ಕೊಳೆತ 5 ಕೆ.ಜಿ.ಯನ್ನು ಬಿಟ್ಟು ಉಳಿದದ್ದನ್ನು ಕೆ.ಜಿ.ಗೆ 60 ರೂಪಾಯಿಯಂತೆ ಮಾರಿದ ವ್ಯಾಪಾರಿಗೆ ಆದ ಲಾಭವೆಷ್ಟು?’ ಯಾರು ಮಾಡಿದರು ಎಂಬುದು ಕೊನೆಯಲ್ಲಿ ಬರುತ್ತದೆ. ಅದಕ್ಕೂ ಮುಂಚೆ ನಾಲ್ಕು ಅಂಕಿಗಳನ್ನು ಮಗು ಗಾಳಿಯಲ್ಲಿ ಹಿಡಿದುಕೊಂಡಿರಬೇಕು. ಇದನ್ನು ಒಡೆಯುವುದೇ ಒಂದು ಅಭ್ಯಾಸವಾಗಲಿ: ‘ಒಬ್ಬ ವ್ಯಾಪಾರಿ ಇದ್ದ. 25 ಕೆ.ಜಿ. ಟೊಮೆಟೊ ಕೊಂಡ. ಕೆ.ಜಿ.ಗೆ 40 ಕೊಟ್ಟ. 5 ಕೆ.ಜಿ. ಕೊಳೆಯಿತು. ಮಿಕ್ಕದ್ದನ್ನು 60ರಂತೆ ಮಾರಿದ.’ ಮಕ್ಕಳೇ ಒಡೆಯಲಿ, ಸಾಲಿಗೊಂದು ಸಂಗತಿ, ನಡೆದ ಕ್ರಮದಲ್ಲಿ. ಲೆಕ್ಕ ಮಾಡಬೇಕಿಲ್ಲ. ವಾರಕ್ಕೆ ಇಂಥ ಎರಡು ಸಾಕು.

ಈ ಟೊಮೆಟೊ ಲೆಕ್ಕದಲ್ಲೇ ಇನ್ನೊಂದು ಗುಣವಿದೆ. ಚುರುಕಾದ ಮಕ್ಕಳು ‘ಕೆ.ಜಿ.ಗೆ 20 ಲಾಭ, 20 ಕೆ.ಜಿ. ಮಾರಿದ, 400 ರೂಪಾಯಿ’ ಎನ್ನುತ್ತಾರೆ. ಸರಿಯುತ್ತರ 200: ಹಾಕಿದ್ದು 1,000, ಬಂದದ್ದು 1,200. ‘ತಪ್ಪು’ ಎಂದು ಹೊಡೆದುಹಾಕಬೇಡಿ. ಎರಡೂ ಉತ್ತರಗಳನ್ನು ಹಲಗೆಯ ಮೇಲೆ ಬರೆದು, ನಡುವಿನ 200 ರೂಪಾಯಿ ಎಲ್ಲಿ ಹೋಯಿತು ಎಂದು ಕೇಳಿ. ಕೊಳೆತ 5 ಕೆ.ಜಿ.ಗೂ ಅವನು ದುಡ್ಡು ಕೊಟ್ಟಿದ್ದ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹೀಗೆ ಅರ್ಥವುಳ್ಳ ತಪ್ಪಿಗೆ ಎಡೆಕೊಡುವ ಲೆಕ್ಕವೇ ಬಿಡಿಸಲು ಕೊಡಬೇಕಾದ ಲೆಕ್ಕ. ಯಾವ ತಪ್ಪು ಬರುತ್ತದೆ ಎಂದು ನೀವು ಹಿಂದಿನ ದಿನವೇ ಊಹಿಸಲಾಗದಿದ್ದರೆ ಆ ಲೆಕ್ಕವನ್ನು ಬಿಟ್ಟು ಬೇರೆ ಆರಿಸಿ.

ಇನ್ನು ಮುಖ್ಯ ಪಾಠ. ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಹೇಳಿದ ನಾಲ್ಕು ಹಂತಗಳು ಬಿ.ಎಡ್‌ನಲ್ಲಿ ನೀವೂ ಓದಿರುತ್ತೀರಿ: ಸಮಸ್ಯೆಯನ್ನು ಅರ್ಥಮಾಡಿಕೊ, ಯೋಜನೆ ಹಾಕು, ಅದರಂತೆ ಮಾಡು, ಹಿಂದಿರುಗಿ ನೋಡು. ಮಾತು ಸರಿಯಾದದ್ದೇ. ಆದರೆ ಅದನ್ನೂ ಚಾರ್ಟ್ ಮಾಡಿ ಬಾಯಿಪಾಠ ಮಾಡಿಸಿದರೆ ಹಳೆಯ ಚಾರ್ಟಿನ ಜಾಗಕ್ಕೆ ಹೊಸದು ಬಂದಂತಾಯಿತು, ಅಷ್ಟೇ. ‘ಅರ್ಥಮಾಡಿಕೊ’ ಎಂದರೆ ಮಗು ಕೈಯಲ್ಲಿ ಏನು ಮಾಡಬೇಕು? ಅದಕ್ಕೆ ನಮ್ಮ ಉತ್ತರ, ಪಟ್ಟಿ ಚಿತ್ರ: ಲೆಕ್ಕದಲ್ಲಿರುವ ಮೊತ್ತವನ್ನು ಒಂದು ಉದ್ದ ಪಟ್ಟಿಯಾಗಿ ಬರೆದು, ಗೆರೆ ಹಾಕಿ ಭಾಗಗಳನ್ನು ತೋರಿಸುವುದು. ಸಿಂಗಪುರದ ಶಿಕ್ಷಣ ಇಲಾಖೆ 1980ರ ದಶಕದಲ್ಲಿ, ಖೋ ಟೆಕ್ ಹಾಂಗ್ ನೇತೃತ್ವದ ತಂಡದ ಮೂಲಕ, ಪ್ರಾಥಮಿಕ ಶಾಲೆಗೆ ತಂದ ವಿಧಾನ ಇದು. ಚೌಕದ ಗೆರೆಯ ನೋಟ್‌ಬುಕ್ ಮತ್ತು ಪೆನ್ಸಿಲ್ ಬಿಟ್ಟು ಬೇರೇನೂ ಬೇಡ.

ಒಂದು ಪೂರ್ತಿ ಅವಧಿಗೆ ಈ ಲೆಕ್ಕ ತೆಗೆದುಕೊಳ್ಳಿ: ‘ರೈತನೊಬ್ಬ ಬೆಳೆದ ರಾಗಿಯಲ್ಲಿ 2/5 ಭಾಗವನ್ನು ಮನೆಗೆ ಇಟ್ಟುಕೊಂಡ. ಉಳಿದದ್ದರಲ್ಲಿ 1/3 ಭಾಗವನ್ನು ತಂಗಿಯ ಮನೆಗೆ ಕಳಿಸಿದ. ಮಿಕ್ಕ 12 ಚೀಲ ಮಾರಿದ. ಒಟ್ಟು ಎಷ್ಟು ಚೀಲ ಬೆಳೆದಿದ್ದ?’

ಮೊದಲ ಐದು ನಿಮಿಷ ಪೆನ್ಸಿಲ್ ಕೆಳಗಿರಲಿ. ಅಂಕಿಗಳನ್ನು ಮುಚ್ಚಿಟ್ಟು ಕತೆಯನ್ನಷ್ಟೇ ಹೇಳಿ: ‘ಸ್ವಲ್ಪ ಮನೆಗೆ ಇಟ್ಟ, ಉಳಿದದ್ದರಲ್ಲಿ ಸ್ವಲ್ಪ ಕಳಿಸಿದ, ಮಿಕ್ಕದ್ದು ಮಾರಿದ.’ ಏನೇನಾಯಿತು ಎಂದು ಇಬ್ಬರ ಬಾಯಲ್ಲಿ ಹೇಳಿಸಿ. ಅಂಕಿ ಇಲ್ಲದಾಗ ‘ಕೂಡೋದಾ’ ಎಂದು ಕೇಳಲು ದಾರಿಯೇ ಇರುವುದಿಲ್ಲ. ಆಮೇಲೆ ಅಂಕಿ ಹಾಕಿ. ಉತ್ತರ ಹೆಚ್ಚೆಂದರೆ, ಕಡಿಮೆಯೆಂದರೆ ಎಷ್ಟಿರಬಹುದು ಎಂದು ಅಂದಾಜು ಕೇಳಿ ಹಲಗೆಯ ಮೂಲೆಯಲ್ಲಿ ಬರೆದಿಡಿ. 12ಕ್ಕಿಂತ ಕಡಿಮೆ ಇರಲಾರದು ಎಂದು ಒಬ್ಬರಾದರೂ ಹೇಳಬೇಕು, ಅಲ್ಲಿಯವರೆಗೆ ಮುಂದೆ ಹೋಗಬೇಡಿ.

ನಂತರ ಎಂಟು ನಿಮಿಷ ಒಬ್ಬೊಬ್ಬರೇ, ಏಳು ನಿಮಿಷ ಪಕ್ಕದವರ ಜೊತೆ. ಪಟ್ಟಿ ಹೀಗೆ ಬರಬೇಕು: 10 ಚೌಕ ಉದ್ದದ ಒಂದು ಪಟ್ಟಿ, ಅದರಲ್ಲಿ ಎರಡೆರಡು ಚೌಕದ ಐದು ಸಮ ಮನೆಗಳು (ಅಂದರೆ ಖಾನೆಗಳು). ಎರಡು ಮನೆಗೆ ‘ಮನೆ ಖರ್ಚು’ ಎಂದು ಗುರುತು. ಉಳಿದದ್ದು ಮೂರು ಮನೆ. ಅದರ ಮೂರನೇ ಒಂದು ಎಂದರೆ ಒಂದು ಮನೆ, ಅದು ತಂಗಿಗೆ. ಇನ್ನೆರಡು ಮನೆ ಸೇರಿ 12 ಚೀಲ. ಒಂದು ಮನೆಗೆ 6, ಐದಕ್ಕೆ 30. ಭಿನ್ನರಾಶಿಯ ಗುಣಾಕಾರವೇ ಬೇಕಾಗಲಿಲ್ಲ.

ನೀವು ಸಾಲುಗಳ ನಡುವೆ ಓಡಾಡುವಾಗ ಕಾಣುವ ತಪ್ಪುಗಳು ಮುಖ್ಯವಾಗಿ ನಾಲ್ಕು. 2/5 ಎಂದರೆ ಎರಡು ಮನೆ ಮತ್ತೆ ಐದು ಮನೆ ಎಂದುಕೊಂಡು ಏಳು ಮನೆ ಬರೆಯುವುದು. ಇವರಿಗೆ ಭಿನ್ನರಾಶಿಯೇ ಗಟ್ಟಿಯಿಲ್ಲ. 4–5ನೇ ತರಗತಿಯ ಗಣಿತ ಕಲಿಕಾ ಆಂದೋಲನದ ಕಿಟ್ ಶಾಲೆಯಲ್ಲಿದ್ದರೆ ಅದರ ಭಿನ್ನರಾಶಿ ಪಟ್ಟಿಗಳನ್ನು ತೆಗೆದು ಎರಡು ದಿನ ಕೈಯಲ್ಲಿ ಆಡಿಸಿ. ಎರಡನೆಯದು, ಮನೆಗಳು ಸಮವಾಗಿರದಿರುವುದು. ಚೌಕದ ಪುಸ್ತಕ ಕೊಟ್ಟರೆ ಇದು ತಾನಾಗಿ ನಿಲ್ಲುತ್ತದೆ. ಮೂರನೆಯದು, 12ನ್ನು ಇಡೀ ಪಟ್ಟಿಯ ಮೇಲೆ ಬರೆಯುವುದು. ನಾಲ್ಕನೆಯದೇ ಈ ಲೆಕ್ಕದ ಜೀವ: 1/3ನ್ನು ಉಳಿದದ್ದರಲ್ಲಿ ಅಲ್ಲ, ಇಡೀ ರಾಗಿಯಲ್ಲಿ ತೆಗೆಯುವುದು. 2/5ಕ್ಕೆ 1/3 ಕೂಡಿ 11/15, ಉಳಿದದ್ದು 4/15, ಅದು 12 ಆದರೆ ಒಟ್ಟು 45. ಪೂರ್ಣಸಂಖ್ಯೆಯೇ ಬಂತಲ್ಲ, ಮಗುವಿಗೆ ಅನುಮಾನವೇ ಬರುವುದಿಲ್ಲ.

ಇಲ್ಲಿಯೇ ಪೋಲ್ಯನ ನಾಲ್ಕನೆಯ ಹಂತ, ಎಲ್ಲರೂ ಗಂಟೆ ಹೊಡೆಯಿತೆಂದು ಬಿಟ್ಟುಬಿಡುವ ಹಂತ, ಕೆಲಸಕ್ಕೆ ಬರುವುದು. 45ನ್ನು ಕತೆಯೊಳಗೆ ಹಾಕಿ ನಡೆಸಿ: ಮನೆಗೆ 18, ಉಳಿದದ್ದು 27, ತಂಗಿಗೆ 9, ಮಾರಿದ್ದು 18. ಲೆಕ್ಕದಲ್ಲಿ 12 ಇದೆ. ಸರಿಹೊಂದಲಿಲ್ಲ. ‘ಉತ್ತರ ತಾಳೆ ನೋಡು’ ಎಂದರೆ ಮಕ್ಕಳು ಅದೇ ಭಾಗಾಕಾರವನ್ನು ಇನ್ನೊಮ್ಮೆ ಮಾಡುತ್ತಾರೆ. ‘ಈ ಉತ್ತರ ಇಟ್ಟುಕೊಂಡು ಕತೆ ಮೊದಲಿಂದ ಹೇಳು’ ಎಂದು ಹೇಳಿ.

ಉಳಿದ ಇಪ್ಪತ್ತು ನಿಮಿಷದಲ್ಲಿ ಹದಿನೈದು ಹಲಗೆಗೆ. ಯಾರನ್ನು ಯಾವ ಕ್ರಮದಲ್ಲಿ ಕರೆಯಬೇಕು ಎಂದು ಓಡಾಡುವಾಗಲೇ ತೀರ್ಮಾನಿಸಿರಬೇಕು. ‘ಯಾರಿಗೆ ಬಂತು, ಕೈ ಎತ್ತಿ’ ಎಂದರೆ ದಿನವೂ ಅದೇ ಮೂವರು ಬರುತ್ತಾರೆ, ಮಿಕ್ಕವರು ನಕಲು ಮಾಡಿಕೊಳ್ಳುತ್ತಾರೆ. ಮೊದಲು 45 ಬಂದ ಪಟ್ಟಿ (ಹೆಸರು ಹೇಳದೆ ನೀವೇ ಬರೆಯಿರಿ), ಆಮೇಲೆ 30 ಬಂದ ಪಟ್ಟಿ, ಕೊನೆಗೆ ಸಮೀಕರಣವನ್ನೋ ಊಹೆಯನ್ನೋ ಬಳಸಿದವರಿದ್ದರೆ ಅವರು. ಮೂರೂ ಅಕ್ಕಪಕ್ಕದಲ್ಲಿ ಉಳಿಯಲಿ, ಹಲಗೆ ಒರೆಸಬೇಡಿ. ಕೊನೆಯ ಐದು ನಿಮಿಷದಲ್ಲಿ ಪ್ರತಿಯೊಬ್ಬರೂ ತಮಗೆ ಅರ್ಥವಾದ ಒಂದು ವಿಧಾನವನ್ನು ಪುಸ್ತಕದಲ್ಲಿ ಬರೆಯಬೇಕು.

ಊಹೆಯನ್ನು ಕೀಳಾಗಿ ಕಾಣಬೇಡಿ. 12ನೇ ಶತಮಾನದ ಭಾಸ್ಕರಾಚಾರ್ಯರು ‘ಇಷ್ಟಕರ್ಮ’ ಎಂದು ಕೊಟ್ಟಿರುವ ವಿಧಾನವೇ ಅದು: ಇಷ್ಟವಾದ ಸಂಖ್ಯೆ ಇಟ್ಟುಕೊಂಡು ನಡೆಸಿ, ಬಂದದ್ದಕ್ಕೂ ಬರಬೇಕಾದದ್ದಕ್ಕೂ ಇರುವ ಅನುಪಾತದಿಂದ ತಿದ್ದುವುದು. ನಮ್ಮ ರಾಗಿಗೆ 15 ಚೀಲ ಎಂದಿಟ್ಟುಕೊಳ್ಳಿ (5 ಮತ್ತು 3ರಿಂದ ಭಾಗವಾಗುತ್ತದೆ). ಮನೆಗೆ 6, ಉಳಿದದ್ದು 9, ತಂಗಿಗೆ 3, ಮಾರಿದ್ದು 6. ಬೇಕಾದದ್ದು 12, ಅಂದರೆ ಎರಡರಷ್ಟು. ಹಾಗಾದರೆ ಒಟ್ಟೂ ಎರಡರಷ್ಟು, 30. ಸಮೀಕರಣಕ್ಕೆ ಹೆದರುವ ಮಗು ಇದನ್ನು ಖುಷಿಯಿಂದ ಮಾಡುತ್ತದೆ. ಒಂದು ಎಚ್ಚರ: ಎಲ್ಲವೂ ಭಾಗಗಳಲ್ಲೇ ಇದ್ದರೆ ಮಾತ್ರ ಹೀಗೆ ಹಿಗ್ಗಿಸಬಹುದು. ‘2/5 ಭಾಗ ಮತ್ತು ಮೇಲೆ 3 ಚೀಲ’ ಎಂದು ಲೆಕ್ಕದಲ್ಲಿ ಬಂದ ಕೂಡಲೇ ಈ ದಾರಿ ಕೆಡುತ್ತದೆ, ಯಾಕೆಂದರೆ ಒಟ್ಟು ಎರಡರಷ್ಟಾದರೂ ಆ 3 ಚೀಲ 3 ಆಗಿಯೇ ಉಳಿಯುತ್ತದೆ.

ಮುಂದಿನ ವಾರ 1/3ರ ಬದಲು 1/2 ಮಾಡಿ. ಮೂರು ಮನೆಯನ್ನು ಅರ್ಧ ಮಾಡಲು ಪ್ರತಿ ಮನೆಯನ್ನೂ ಎರಡಾಗಿ ಸೀಳಬೇಕು, ಪಟ್ಟಿ ಹತ್ತು ತುಂಡಾಗುತ್ತದೆ, ಮೂರು ತುಂಡಿಗೆ 12, ಒಟ್ಟು 40. ಇದನ್ನು ನೀವು ಹೇಳಿಕೊಡದೆ ಅರ್ಧದಷ್ಟು ಮಕ್ಕಳಾದರೂ ಸೀಳಿದರೆ ಪಟ್ಟಿ ಅವರ ಕೈಗೆ ಹತ್ತಿದೆ ಎಂದು ತಿಳಿಯಿರಿ. ಹೋಲಿಕೆ, ಅನುಪಾತ, ಶೇಕಡಾ, ಲಾಭ-ನಷ್ಟ ಇವೆಲ್ಲಕ್ಕೂ ಪಟ್ಟಿ ಸಲ್ಲುತ್ತದೆ. ರೇಖಾಗಣಿತಕ್ಕೂ ಎಣಿಕೆಯ ಲೆಕ್ಕಗಳಿಗೂ ಅಷ್ಟಾಗಿ ಸಲ್ಲದು. ‘30 ಮಕ್ಕಳು ಪರಸ್ಪರ ಒಮ್ಮೊಮ್ಮೆ ಕೈಕುಲುಕಿದರೆ ಒಟ್ಟು ಎಷ್ಟು ಕೈಕುಲುಕು?’ ಎಂಬುದಕ್ಕೆ ಬೇಕಾದದ್ದು ಸಣ್ಣದರಿಂದ ಶುರುಮಾಡಿ ಕೋಷ್ಟಕ ಹಾಕುವ ಅಭ್ಯಾಸ: ಇಬ್ಬರಿಗೆ 1, ಮೂವರಿಗೆ 3, ನಾಲ್ವರಿಗೆ 6, ಐವರಿಗೆ 10, ಹೀಗೆ ಏರಿಕೆಯ ಗುಟ್ಟು ಹಿಡಿದು 435. ವರ್ಷಕ್ಕೆ ಪಟ್ಟಿ, ಕೋಷ್ಟಕ, ಊಹಿಸಿ ತಿದ್ದುವುದು, ಹಿಂದಿನಿಂದ ಬರುವುದು (ಕೊನೆಯಲ್ಲಿ ಉಳಿದದ್ದರಿಂದ ಶುರುಮಾಡಿ ಮೊದಲಿನತ್ತ ಲೆಕ್ಕ ಹಾಕುವುದು), ಈ ನಾಲ್ಕು ಸಾಕು. ಹತ್ತು ತಂತ್ರಗಳ ಪಟ್ಟಿ ಕೊಡುವ ಕೈಪಿಡಿಗಳಿವೆ, ತರಗತಿಯಲ್ಲಿ ಅವು ಉಳಿಯುವುದಿಲ್ಲ.

ಮಗು ನಡುವೆ ನಿಂತು ‘ಮಿಸ್, ಗೊತ್ತಾಗ್ತಿಲ್ಲ’ ಎಂದಾಗ ಏನು ಹೇಳುತ್ತೀರಿ ಎಂಬುದರಲ್ಲಿ ಪಾಠದ ಗತಿ ನಿಂತಿದೆ. ‘ಉಳಿದದ್ದು ಎಷ್ಟು ಭಾಗ? ಐದರಲ್ಲಿ ಎರಡು ಹೋದರೆ? ಹಾಂ, ಮೂರು. ಮೂರರಲ್ಲಿ ಒಂದು?’ ಎಂದು ಕೇಳುತ್ತಾ ಹೋದರೆ ಲೆಕ್ಕ ಬಿಡಿಸಿದ್ದು ನೀವು, ಮಗು ಕಳೆಯುವ ಲೆಕ್ಕವನ್ನಷ್ಟೇ ಮಾಡಿತು. ಸುಳಿವು ಕೊಡಲು ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು, ‘ಇಲ್ಲಿಯವರೆಗೆ ಏನು ಬರೆದೆ, ಹೇಳು.’ ಆಮೇಲೆ, ‘ಈ 12 ನಿನ್ನ ಪಟ್ಟಿಯಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸು.’ ಅದೂ ಆಗದಿದ್ದರೆ, ‘ಮೂರನೇ ಒಂದು ಭಾಗ ಯಾವುದರದ್ದು?’ ಮೂರನೆಯ ಸುಳಿವಿಗೂ ಚಲಿಸದ ಮಗುವಿಗೆ ಪೂರ್ತಿ ಬಿಡಿಸಿದ ಪಟ್ಟಿಯನ್ನೇ ಕೊಟ್ಟು ‘ಇದನ್ನು ನನಗೆ ವಿವರಿಸು’ ಎನ್ನಿ. ಇದರಲ್ಲಿ ಸೋಲೇನಿಲ್ಲ. ಕಲಿಕೆಯ ಮನೋವಿಜ್ಞಾನಿ ಜಾನ್ ಸ್ವೆಲ್ಲರ್ 1985ರಲ್ಲಿ ಸಹೋದ್ಯೋಗಿಯೊಡನೆ ಬೀಜಗಣಿತದ ಮೇಲೆ ಮಾಡಿದ ಪ್ರಯೋಗಗಳಿಂದ ಹಿಡಿದು, ಹೊಸಬರಿಗೆ ಬಿಡಿಸಿದ ಮಾದರಿಗಳನ್ನು ಓದುವುದು ಬರಿದೇ ತಡಕಾಡುವುದಕ್ಕಿಂತ ಮೇಲು ಎಂದು ಮತ್ತೆ ಮತ್ತೆ ಕಂಡುಬಂದಿದೆ. ‘ಮಕ್ಕಳೇ ಕಂಡುಕೊಳ್ಳಲಿ’ ಎಂಬ ಹೆಸರಿನಲ್ಲಿ ಭಿನ್ನರಾಶಿಯೇ ಬಾರದ ಮಗುವನ್ನು ಅರ್ಧ ಗಂಟೆ ಕೂರಿಸುವುದು ಬೋಧನೆಯಲ್ಲ.

ಅಭ್ಯಾಸದಲ್ಲಿ ಸರಿ, ಪರೀಕ್ಷೆಯಲ್ಲಿ ತಪ್ಪು ಎಂದಿರಲ್ಲ, ಅದಕ್ಕೆ ಕಾರಣ ನೇರವಾದದ್ದು. ಅಭ್ಯಾಸದ ನೆತ್ತಿಯ ಮೇಲೆ ‘ಶೇಕಡಾ’ ಎಂದು ಬರೆದಿರುತ್ತದೆ. ಹತ್ತಕ್ಕೆ ಹತ್ತೂ ಶೇಕಡಾ ಲೆಕ್ಕಗಳೇ. ಯಾವ ವಿಧಾನ ಎಂದು ಆರಿಸುವ ಕೆಲಸ ಮಗುವಿಗೆ ಬರುವುದೇ ಇಲ್ಲ. ಪರೀಕ್ಷೆಯಲ್ಲಿ ಆ ತಲೆಬರಹ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಶನಿವಾರ ಬೆಳಗಿನ ಶಾಲೆಯ ಒಂದು ಅವಧಿಯನ್ನು ಕಲಸಿದ ಲೆಕ್ಕಗಳಿಗೆ ಇಡಿ: ಹಿಂದಿನ ಮೂರು ಪಾಠಗಳಿಂದ ಎರಡೆರಡು, ಒಟ್ಟು ಆರು, ಪಾಠದ ಹೆಸರಿಲ್ಲದೆ. ಅದರಲ್ಲಿ ನಾಲ್ಕಕ್ಕೆ ಪಟ್ಟಿ ಅಥವಾ ಕೋಷ್ಟಕ ಹಾಕಿದರೆ ಸಾಕು, ಎರಡನ್ನು ಮಾತ್ರ ಪೂರ್ತಿ ಮಾಡಲಿ. ಮೊದಲ ಎರಡು ಮೂರು ವಾರ ಅಂಕ ಇಳಿಯುತ್ತದೆ, ಗಾಬರಿಯಾಗಬೇಡಿ. ಅಭ್ಯಾಸದಲ್ಲಿ ಸಿಗುತ್ತಿದ್ದ ಸುಳ್ಳು ಧೈರ್ಯ ಇಳಿಯುತ್ತಿದೆ, ಅಷ್ಟೇ.

ಪಠ್ಯ ಮುಗಿಯುತ್ತದಾ ಎಂದರೆ, ಪೂರ್ತಿ ಅವಧಿಯ ಲೆಕ್ಕ ವಾರಕ್ಕೆ ಒಂದೇ ಇರಲಿ. ಅದಕ್ಕೆ ಹೊಸ ಲೆಕ್ಕ ಹುಡುಕಬೇಕಿಲ್ಲ, ಅದೇ ಪಾಠದ ಅಭ್ಯಾಸದ ಕೊನೆಯ ಎರಡರಲ್ಲಿ ಒಂದನ್ನು ತೆಗೆದು ಪಾಠದ ನಡುವೆ ತನ್ನಿ. ಒಂದೇ ಬಗೆಯ ಹತ್ತು ಲೆಕ್ಕಗಳಲ್ಲಿ ಐದನ್ನು ಬಿಟ್ಟರೆ ಕಳೆದುಕೊಂಡದ್ದೇನೂ ಇಲ್ಲ, ಆ ಅವಧಿ ಅಲ್ಲಿಂದಲೇ ಬರುತ್ತದೆ.

ಅಂಕ ಕೊಡುವ ರೀತಿ ಬದಲಾಗದಿದ್ದರೆ ಮಕ್ಕಳು ಪಟ್ಟಿಯನ್ನು ರಫ್ ಪುಟದಲ್ಲೇ ಬಿಡುತ್ತಾರೆ. ನಿಮ್ಮ ಕಿರುಪರೀಕ್ಷೆಯಲ್ಲಿ 5 ಅಂಕದ ಲೆಕ್ಕಕ್ಕೆ ಚಿತ್ರಕ್ಕೆ 2, ಮಾಡಿದ ಕ್ರಮಕ್ಕೆ 2, ಘಟಕದೊಡನೆ ವಾಕ್ಯದಲ್ಲಿ ಬರೆದ ಉತ್ತರಕ್ಕೆ 1 ಎಂದು ಮೊದಲೇ ಹೇಳಿಬಿಡಿ. ಎಸ್ಸೆಸ್ಸೆಲ್ಸಿ ಗಣಿತದಲ್ಲೂ ಹಂತಗಳಿಗೆ ಅಂಕವಿದೆ, ಪೋಷಕರು ಕೇಳಿದರೆ ಹಾಗೆ ಹೇಳಬಹುದು. ಬರೀ ‘30’ ಎಂದು ಬರೆದ ಜಾಣ ಹುಡುಗನಿಗೆ 5ಕ್ಕೆ 1 ಕೊಡಲು ಕೈ ಬರುವುದಿಲ್ಲ, ಆದರೂ ಕೊಡಿ.

ಬೇಗ ಮುಗಿಸಿ ಕೂರುವ ಮಕ್ಕಳಿಗೆ ಬೇರೆ ಲೆಕ್ಕ ಕೊಡಬೇಡಿ, ಅದೇ ರಾಗಿ ಲೆಕ್ಕದಲ್ಲಿ ಇನ್ನಷ್ಟು ಅಗೆಯಲಿ. 12ರ ಜಾಗದಲ್ಲಿ 13 ಹಾಕಿದರೆ ಏನಾಗುತ್ತದೆ? ಮೂವತ್ತೆರಡೂವರೆ ಚೀಲ. ಅರ್ಧ ಚೀಲ ಬಾರದಂತೆ ಅಲ್ಲಿ ಯಾವ ಯಾವ ಸಂಖ್ಯೆ ಹಾಕಬಹುದು, ಯಾಕೆ? ಒಟ್ಟು 75 ಚೀಲ ಬರಬೇಕಾದರೆ ಮಾರಿದ್ದು ಎಷ್ಟಿರಬೇಕು? ಇವುಗಳಿಗೆ ಉತ್ತರ ಬರೆದವರಿಗೆ, ಉತ್ತರ 48 ಬರುವಂತೆ ಹೊಸದೊಂದು ಲೆಕ್ಕ ಕಟ್ಟಿ ತರಲು ಹೇಳಿ. ಮರುದಿನದ ಮೊದಲ ಹತ್ತು ನಿಮಿಷಕ್ಕೆ ಅದನ್ನೇ ತರಗತಿಗೆ ಹಾಕಿ.